"ಇದು ಹಿಂದಿನಿಂದ ಬಂದದ್ದು": ಎಷ್ಟು ಹಿಂದಿನಿಂದ? ಕಲಬುರಗಿ, ಬೀದರ್, ಯಾದಗಿರಿ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕುಬಸ (ಸೀಮಂತ), ತೊಟ್ಟಿಲು, ಮದುವೆ, ವಾಟ್ನಿ (ಆಸ್ತಿ ಪಾಲು) ಯಾವುದೇ ಬಂದರೂ ಮನೆಯಲ್ಲಿ ಒಂದು ಮಾತು ಎದ್ದೇ ಏಳುತ್ತದೆ: "ಹಿರಿಯರು ಹಿಂಗ ಮಾಡ್ಕೊಂತ ಬಂದಾರ." ಆ ಹಿರಿಯರು ಯಾರು, ಯಾವ ಕಾಲದವರು ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಹೆಣ್ಣು ಹೀಗಿರಬೇಕು, ಗಂಡು ಹಾಗಿರಬೇಕು ಎಂಬ ಕಟ್ಟಳೆಗಳಿಗಂತೂ ಸಾವಿರ ವರ್ಷದ ವಯಸ್ಸು ಹಚ್ಚಿಬಿಡುತ್ತೇವೆ. ಆದರೆ ಹೆಚ್ಚಿನ ಪದ್ಧತಿಗಳಿಗೆ ಹುಟ್ಟಿದ ಊರೂ ಉಂಟು, ಕಾಲವೂ ಉಂಟು. ಕೆಲವು ಹುಟ್ಟಿದ್ದು ನಮ್ಮ ಕಲ್ಯಾಣದಲ್ಲೇ.

ಹೆಣ್ಣು ನೋಡಾಕ ಬಂದಾಗ ಹುಡುಗಿ ಚಹಾ ತಟ್ಟೆ ಹಿಡಕೊಂಡು ಬರೋದು ಹಳೇ ಸಂಪ್ರದಾಯ ಹೌದಲ್ಲ?

ಅಲ್ಲ. ಅದಕ್ಕೆ ನೂರು ವರ್ಷ ತುಂಬಿದ್ದರೆ ಹೆಚ್ಚು. ಬ್ರಿಟಿಷರು ಅಸ್ಸಾಮಿನಲ್ಲಿ ಚಹಾ ಬೆಳೆಸಿದ್ದು ಬೇರೆ ದೇಶಗಳಿಗೆ ಕಳಿಸಲಿಕ್ಕೆ. ಇಲ್ಲಿಯ ಜನ ಕುಡಿಯುತ್ತಿರಲಿಲ್ಲ. 1903ರಲ್ಲಿ ಚಹಾ ಮೇಲೆ ಒಂದು ಸೆಸ್ ಹಾಕಿ, ಆ ದುಡ್ಡನ್ನು ಪ್ರಚಾರಕ್ಕೆ ಬಳಸಲು ಕಾನೂನು ಮಾಡಿದರು. ಆಮೇಲೆ ಜಾತ್ರೆ, ಸಂತೆ, ರೈಲು ನಿಲ್ದಾಣಗಳಲ್ಲಿ ಚಹಾ ಕಾಸಿ ಕುಡಿಸಿ ರುಚಿ ಹತ್ತಿಸುವ ಕೆಲಸ ದಶಕಗಟ್ಟಲೆ ನಡೆಯಿತು. 1930ರ ದಶಕದಲ್ಲಿ ಅಸ್ಸಾಮಿನ ತೋಟದಲ್ಲಿ ಎಲೆಯನ್ನು ಜಜ್ಜಿ, ಹರಿದು, ಉಂಡೆಗಟ್ಟಿಸುವ ಸಿಟಿಸಿ ಯಂತ್ರ ಬಂತು. ಕಾಳಿನಂಥ ಈ ಪುಡಿಯನ್ನು ಸ್ವಲ್ಪ ಹಾಕಿದರೂ ಕಡಕ್ ಬಣ್ಣ ಬಿಡುತ್ತದೆ, ಹಾಲು ಸಕ್ಕರೆ ತಾಳಿಕೊಳ್ಳುತ್ತದೆ. ಬಡವರ ಒಲೆಯ ಮೇಲೂ ಚಹಾ ಏರಿದ್ದು ಇದರಿಂದ.

ಅದಕ್ಕೂ ಮೊದಲು ಬಂದವರಿಗೆ ಕೊಡುತ್ತಿದ್ದದ್ದು ನೀರು-ಬೆಲ್ಲ, ಇಲ್ಲವೇ ಮಜ್ಜಿಗೆ. ಅಂದಮೇಲೆ ಕಪ್ಪು-ಬಸಿ ನಡುಗದಂತೆ ಹಿಡಿದು ಬಂದರೆ ಹುಡುಗಿ ಚಲೋ ಎಂಬ ಪರೀಕ್ಷೆ ಯಾವ ಶಾಸ್ತ್ರದಲ್ಲೂ ಇಲ್ಲ. ಆ ತಟ್ಟೆಯನ್ನು ಹುಡುಗಿಯ ತಮ್ಮ ತಂದರೂ ಯಾವ ಪರಂಪರೆಯೂ ಮುರಿಯುವುದಿಲ್ಲ.

ತೊಟ್ಟಿಲ ಕಾರ್ಯಕ್ರಮಕ್ಕ ಗಂಡು ಕೂಸಿಗೆ ನೀಲಿ, ಹೆಣ್ಣು ಕೂಸಿಗೆ ಗುಲಾಬಿ ಬಣ್ಣ ಯಾಕ?

ಅಂಗಡಿಯವರು ಹಾಗೆ ಮಾರುತ್ತಾರೆ, ಅದಕ್ಕೆ. ಈ ಲೆಕ್ಕ ಅಮೆರಿಕದ ಬಟ್ಟೆ ವ್ಯಾಪಾರದಿಂದ ಬಂದದ್ದು, ಅದೂ ಮೊದಲು ತಿರುವುಮುರುವಾಗಿತ್ತು. 1918ರಲ್ಲಿ ಅಲ್ಲಿಯ ಮಕ್ಕಳ ಉಡುಪಿನ ವ್ಯಾಪಾರ ಪತ್ರಿಕೆಯೊಂದು ಗುಲಾಬಿ ಗಂಡು ಮಕ್ಕಳಿಗೆ, ನೀಲಿ ಹೆಣ್ಣು ಮಕ್ಕಳಿಗೆ ಎಂದು ಬರೆದಿತ್ತು. ಗುಲಾಬಿ ಕೆಂಪಿನ ಕೂಸು, ಗಟ್ಟಿ ಬಣ್ಣ. ನೀಲಿ ನಾಜೂಕು ಎಂಬುದು ಅವರು ಕೊಟ್ಟ ಕಾರಣ. ಈಗಿನ ಪಾಳಿ ನೆಲೆಯೂರಿದ್ದು 1940ರ ದಶಕದ ನಂತರ. ಅದಕ್ಕೂ ಹಿಂದೆ ಅಲ್ಲಿ ಗಂಡು-ಹೆಣ್ಣು ಎನ್ನದೆ ಎಲ್ಲ ಕೂಸುಗಳಿಗೂ ಬಿಳಿ ಲಂಗದಂಥ ಅಂಗಿಯೇ. ಮುಂದೆ ಅಮೆರಿಕದ ಅಧ್ಯಕ್ಷನಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ 1884ರಲ್ಲಿ, ಎರಡೂವರೆ ವರ್ಷದವನಿದ್ದಾಗ, ಉದ್ದ ಕೂದಲು ಬಿಟ್ಟು ಬಿಳಿ ಫ್ರಾಕ್ ಹಾಕಿಕೊಂಡ ಫೋಟೋ ಇದೆ. ಬಿಳಿ ಬಟ್ಟೆಯನ್ನು ಕುದಿಸಿ ಒಗೆಯಬಹುದು, ಫ್ರಾಕ್ ಇದ್ದರೆ ಕೂಸನ್ನು ಸ್ವಚ್ಛ ಮಾಡುವುದು ಸಲೀಸು. ಕಾರಣ ಅಷ್ಟೇ.

ನಮ್ಮ ಕಡೆ ಬಸುರಿ ಹೆಂಗಸಿನ ಬಣ್ಣವೆಂದರೆ ಹಸಿರು: ಹಸಿರು ಸೀರೆ, ಹಸಿರು ಬಳೆ. ಅದು ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ.

"ರಾಟಿ ತಿರುವೋದು ಹೆಂಗಸರ ಕೆಲಸ" ಅನ್ನೋ ಮಾತು ಎಲ್ಲಿಂದ ಬಂತು?

ಇದಕ್ಕೆ ಉತ್ತರ ಸ್ವಲ್ಪ ಉದ್ದ, ಯಾಕೆಂದರೆ ಎರಡು ಬಹುಮುಖ್ಯ ಸಾಕ್ಷಿಗಳೂ ನಮ್ಮ ನೆಲಕ್ಕೆ ಅಂಟಿಕೊಂಡಿವೆ.

ಮೊದಲನೆಯದು 1350ರದು. ಮೂರು ವರ್ಷ ಹಿಂದೆ, 1347ರಲ್ಲಿ, ಅಲ್ಲಾವುದ್ದೀನ್ ಬಹಮನ್ ಷಾ ಬಹಮನಿ ರಾಜ್ಯ ಕಟ್ಟಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡಿದ್ದ. ದೆಹಲಿಯಿಂದ ದೌಲತಾಬಾದಿಗೆ ಬಲವಂತವಾಗಿ ಬಂದು ಸೇರಿದ ಮನೆತನದ ಇಸಾಮಿ ಎಂಬ ಕವಿ, ದೆಹಲಿಯ ಸುಲ್ತಾನರ ಚರಿತ್ರೆಯನ್ನು ಫಾರಸಿ ಪದ್ಯದಲ್ಲಿ ಬರೆದು ಈ ಸುಲ್ತಾನನಿಗೆ ಅರ್ಪಿಸಿದ. 1236ರಿಂದ 1240ರವರೆಗೆ ದೆಹಲಿ ಆಳಿದ ರಜಿಯಾಳ ಕತೆ ಬಂದಾಗ ಅವನಿಗೆ ಸಿಟ್ಟು ತಡೆಯಲಾಗಲಿಲ್ಲ. ಹೆಣ್ಣಿಗೆ ಸಿಂಹಾಸನ ತರವಲ್ಲ, ಅವಳು ಚರಖಾದ ಮುಂದೆ ಕೂತಿರುವುದೇ ಒಳ್ಳೆಯದು ಎಂಬರ್ಥದ ಮಾತು ಬರೆದ. ಭಾರತದಲ್ಲಿ ಚರಖಾದ ಮೊದಲ ಖಚಿತ ಉಲ್ಲೇಖ ಇದೇ ಎಂದು ಇತಿಹಾಸಕಾರ ಇರ್ಫಾನ್ ಹಬೀಬ್ ಎತ್ತಿ ತೋರಿಸಿದರು. ತುರ್ಕರ ಜೊತೆ ರಾಟಿ ಭಾರತಕ್ಕೆ ಬಂತು ಎಂಬ ವಾದ ನಿಂತಿರುವುದು ಬಹುಪಾಲು ಈ ಸಾಲಿನ ಮೇಲೆ. ಒಂದು ಉಪಕರಣದ ಹೆಸರು ದಾಖಲೆಗೆ ಬಂದದ್ದೇ ಹೆಣ್ಣನ್ನು ಕೂರಿಸುವ ನೆಪದಲ್ಲಿ ಎಂಬುದನ್ನು ಗಮನಿಸಬೇಕು.

ಎರಡನೆಯ ಸಾಕ್ಷಿ ಕದಿರ ರೆಮ್ಮವ್ವೆ. 12ನೇ ಶತಮಾನದ ಶರಣೆ, ನೂಲುವುದು ಅವಳ ಕಾಯಕ; ಕದಿರು ಅಂದರೆ ನೂಲು ಸುತ್ತಿಕೊಳ್ಳುವ ಕಡ್ಡಿ. ತಾನು ತಿರುವುವ ರಾಟೆಯ ಕುಲಜಾತಿ ಕೇಳಿರಿ ಎಂದು ಶುರು ಮಾಡಿ ಅವಳು ಅದರ ಭಾಗಗಳನ್ನು ಒಂದೊಂದಾಗಿ ಹೇಳುತ್ತಾಳೆ: ಅಡಿಯ ಹಲಗೆ ಬ್ರಹ್ಮ, ತೋರಣ ವಿಷ್ಣು, ನಿಂತ ಬೊಂಬೆ ರುದ್ರ, ಕದಿರು ಅವಳಿಗೆ ಅರಿವು, ತಿರುವುವ ಕೈ ಭಕ್ತಿ. ರಾಟಿಯನ್ನು ದಿನಾ ಮುಟ್ಟದವರಿಗೆ ಈ ಭಾಗಗಳ ಹೆಸರು ಹೀಗೆ ಬಾಯಿಗೆ ಬರುವುದಿಲ್ಲ. ಇದನ್ನು ಆಧಾರ ಮಾಡಿಕೊಂಡು, ರಾಟಿ ದಕ್ಷಿಣದಲ್ಲಿ ತುರ್ಕರಿಗಿಂತ ಮೊದಲೇ ಇತ್ತು ಎಂದು ಇತಿಹಾಸಕಾರ್ತಿ ವಿಜಯಾ ರಾಮಸ್ವಾಮಿ ವಾದಿಸಿದರು. ವಚನಗಳನ್ನು ದೊಡ್ಡ ಪ್ರಮಾಣದಲ್ಲಿ ಕೂಡಿಸಿ ಕಟ್ಟಿದ್ದು 15ನೇ ಶತಮಾನದಲ್ಲಿ, ಆದ್ದರಿಂದ ಕಾಲದ ಚರ್ಚೆ ಮುಗಿದಿಲ್ಲ. ಆದರೂ ನೂಲುವ ಹೆಣ್ಣಿನ ಬಾಯಿಂದಲೇ ಬಂದ ಸಾಕ್ಷಿಗೆ ನಾವು ಹೆಚ್ಚಿನ ತೂಕ ಕೊಡುತ್ತೇವೆ.

ಇನ್ನು, ಹೆಂಗಸರೇ ಯಾಕೆ ನೂತರು ಎಂಬುದಕ್ಕೆ ಸರಳ ಕಾರಣವಿದೆ. ಒಂದು ಮಗ್ಗ ನಿಲ್ಲದೆ ನಡೆಯಬೇಕಾದರೆ ನಾಲ್ಕಾರು ಜನ ನೂಲಬೇಕು. ನೂಲುವುದನ್ನು ಎಲ್ಲಿ ಬೇಕಾದರೂ ಬಿಟ್ಟು ಎದ್ದು, ಕೂಸಿಗೆ ಹಾಲು ಕೊಟ್ಟು, ರೊಟ್ಟಿ ಬಡಿದು, ಮತ್ತೆ ಬಂದು ಕೂರಬಹುದು. ಮಗ್ಗದ ಕೆಲಸ ಹಾಗೆ ಬಿಟ್ಟೆದ್ದರೆ ಹಾಸಿನ ಬಿಗಿ ತಪ್ಪುತ್ತದೆ. ಹೀಗಾಗಿ ತುಂಡು ತುಂಡಾದ ಹೊತ್ತು ಇರುವವರಿಗೆ ನೂಲು, ಒಟ್ಟಿಗೆ ಕೂರಲು ಪುರುಸೊತ್ತು ಇರುವವರಿಗೆ ಮಗ್ಗ ಎಂದು ಕೆಲಸ ಹಂಚಿಹೋಯಿತು. ಕೂಲಿಯೂ ಹಾಗೆಯೇ ಹಂಚಿತು: ನೇಯ್ದವನ ಹೆಸರು ಬಟ್ಟೆಗೆ ಬಂತು, ನೂತವಳ ಹೆಸರು ಬರಲಿಲ್ಲ. ಇಂಗ್ಲಿಷಿನಲ್ಲೂ ಮದುವೆಯಾಗದ ಹೆಣ್ಣಿಗೆ ಇರುವ ಸ್ಪಿನ್‌ಸ್ಟರ್ ಎಂಬ ಪದದ ಮೂಲ ಅರ್ಥ ನೂಲುವವಳು.

ದಖನಿ ಸೂಫಿಗಳಿಗೆ ಇದು ಗೊತ್ತಿತ್ತು. ಬೀಸುವ ಕಲ್ಲಿನ ಮುಂದೆ, ರಾಟಿಯ ಮುಂದೆ ಹೆಂಗಸರು ಹಾಡಲೆಂದೇ ಚಕ್ಕಿನಾಮಾ, ಚರಖಾನಾಮಾ ಎಂಬ ಹಾಡುಗಳನ್ನು ದಖನಿಯಲ್ಲಿ ಕಟ್ಟಿದರು. ಧರ್ಮದ ಮಾತು ಅಡುಗೆಮನೆಗೆ ನಡೆದುಹೋದ ದಾರಿ ಅದು.

ಗಂಡು-ಹೆಣ್ಣು ಭೇದವನ್ನ ನಮ್ಮ ಕಡೆಯವರು ಯಾರಾದ್ರೂ ಹಳೇ ಕಾಲದಾಗ ಪ್ರಶ್ನೆ ಮಾಡಿದ್ರಾ?

ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಮುದನೂರಿನ ನೇಕಾರ ಜೇಡರ ದಾಸಿಮಯ್ಯ ಮಾಡಿದ. ಮೊಲೆ ಮುಡಿ ಕಂಡರೆ ಹೆಣ್ಣೆನ್ನುತ್ತಾರೆ, ಗಡ್ಡ ಮೀಸೆ ಕಂಡರೆ ಗಂಡೆನ್ನುತ್ತಾರೆ, ನಡುವೆ ಸುಳಿಯುವ ಆತ್ಮ ಎರಡೂ ಅಲ್ಲ ಎಂದ. ಅವನ ನಂತರ ಕಲ್ಯಾಣದ ಶರಣರು ಹೆಣ್ಣಿನ ಕೊರಳಿಗೂ ಇಷ್ಟಲಿಂಗ ಕಟ್ಟಿದರು. 30ಕ್ಕೂ ಹೆಚ್ಚು ವಚನಕಾರ್ತಿಯರ ವಚನಗಳು ನಮಗೆ ಉಳಿದಿವೆ.

ಮೂಗುಬೊಟ್ಟು ಇಲ್ಲದ ಮುತ್ತೈದೆ ಇಲ್ಲ ಅಂತಾರ. ಅದರ ವಯಸ್ಸೆಷ್ಟು?

ಭಾರತದ ಹಳೆಯ ಶಿಲ್ಪಗಳಲ್ಲಿ ಮೂಗಿನ ಆಭರಣ ಕಾಣುವುದಿಲ್ಲ. ಸಾಂಚಿ, ಭಾರ್ಹುತ್, ಅಮರಾವತಿಗಳಲ್ಲಿ ಕಿವಿ, ಕೊರಳು, ನಡು, ಕೈ, ಕಾಲು ತುಂಬ ಒಡವೆ. ಮೂಗು ಮಾತ್ರ ಬರಿದು. ಮೂಗುತಿ ಶಿಲ್ಪ, ಸಾಹಿತ್ಯಗಳಲ್ಲಿ ಗಟ್ಟಿಯಾಗಿ ತೋರುವುದು ಸುಮಾರು ಸಾವಿರ ವರ್ಷದಿಂದ ಈಚೆಗೆ. ಕಿವಿಯ ಒಡವೆಯ ಕತೆ ಇದಕ್ಕೆ ತದ್ವಿರುದ್ಧ: ಅದು ಗಂಡಸರಿಗೂ ಇತ್ತು. ನಮ್ಮ ಊರುಗಳ ವೀರಗಲ್ಲುಗಳಲ್ಲಿ ಕತ್ತಿ ಹಿಡಿದ ವೀರನ ಕಿವಿ ನೋಡಿ. ಕಿವಿಯೋಲೆ ಹಾಕಿದ ಹುಡುಗನಿಗೆ "ಹೆಣ್ಣಿನಂಗ ಕಾಣ್ತಿ" ಎನ್ನುವವರಿಗೆ ಊರ ಅಗಸಿಯಲ್ಲೇ ಉತ್ತರ ನಿಂತಿದೆ.

ಈಗ ಉಡೋ ಹಂಗ ಸೀರಿ ಉಡೋದೇ ಮೂಲ ಪದ್ಧತಿನಾ? ಕಚ್ಚಿ ಹಾಕೋದು ಹಳ್ಳಿಯವರದಾ?

ಕಚ್ಚೆಯೇ ಹಳೆಯದು. ಒಂಬತ್ತು ಗಜದ ಸೀರೆ, ಅಂದರೆ ಸುಮಾರು 8.2 ಮೀಟರ್. ಸೊಂಟಕ್ಕೆ ಸುತ್ತಿ ಗಂಟು ಬಿಗಿದು, ನಿರಿಗೆಯನ್ನು ಕಾಲ ನಡುವೆ ತೆಗೆದು ಹಿಂದೆ ಸಿಗಿಸಿದರೆ ಸೀರೆ ತನ್ನ ಗಂಟಿನ ಮೇಲೆ ತಾನೇ ನಿಲ್ಲುತ್ತದೆ, ಒಳಗೆ ಲಂಗ ಬೇಡ. ಕಳೆ ಕೀಳುವಾಗ, ತೊಗರಿ ಕೊಯ್ಯುವಾಗ ಕಾಲಿಗೆ ತೊಡರುವುದಿಲ್ಲ. ಈಗಿನ ಸೀರೆ ಐದೂವರೆ ಮೀಟರ್. ಅದು ನಿಲ್ಲುವುದು ಲಂಗದ ಲಾಡಿಯ ಆಧಾರದ ಮೇಲೆ.

ಮುಂದೆ ನಿರಿಗೆ, ಒಳಗೆ ಲಂಗ, ಮೇಲೆ ಹೊಲಿದ ಜಾಕೀಟು, ಎಡ ಹೆಗಲ ಮೇಲೆ ಸೆರಗು: ಈ ಜೋಡಣೆ ಹರಡಲು ದೊಡ್ಡ ಕಾರಣಳಾದವಳು ಬಂಗಾಳದ ಟಾಗೋರ್ ಮನೆತನದ ಸೊಸೆ ಜ್ಞಾನದಾನಂದಿನಿ ದೇವಿ. 1860ರ ದಶಕದಲ್ಲಿ ಗಂಡನೊಂದಿಗೆ ಮುಂಬೈಗೆ ಹೋದಾಗ ಪಾರ್ಸಿ ಹೆಂಗಸರ ಉಡುಗೆ ನೋಡಿ, ಅದನ್ನು ತಿದ್ದಿ ರೂಢಿಸಿದಳು. ಮನೆಯ ಹೊರಗೆ ನಾಲ್ಕು ಜನರ ನಡುವೆ ಹೋಗಲು ಅನುಕೂಲವಾದ ಉಡುಗೆ ಬೇಕಿತ್ತು, ಅದಕ್ಕಾಗಿ. ಕುಪ್ಪಸ ಎಂಬ ಮಾತೂ ವಸ್ತುವೂ ನಮ್ಮಲ್ಲಿ ಮೊದಲೇ ಇದ್ದವು. ಇನ್ನು ಲಂಗಕ್ಕೆ ಇಂಗ್ಲಿಷಿನಲ್ಲಿ ಹೇಳುವ ಪೆಟಿಕೋಟ್ ಹುಟ್ಟಿದ್ದು ಗಂಡಸರ ಮೈಮೇಲೆ: ಹೊರ ಅಂಗಿಯ ಕೆಳಗೆ ಅವರು ತೊಡುತ್ತಿದ್ದ ಚಿಕ್ಕ ಕೋಟು ಅದು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ತೆಳು ಲಾಡಿಯನ್ನು ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬಿಗಿದರೆ ಸೊಂಟದ ಚರ್ಮ ಕಪ್ಪಾಗಿ, ಸಿಪ್ಪೆ ಎದ್ದು, ಮಾಯದ ಹುಣ್ಣಾಗುತ್ತದೆ. ಅಂಥ ಹುಣ್ಣು ಕ್ಯಾನ್ಸರ್‌ಗೆ ತಿರುಗಿದ ಪ್ರಕರಣಗಳನ್ನು ಭಾರತದ ವೈದ್ಯರು ದಾಖಲಿಸಿದ್ದಾರೆ. ಲಾಡಿಯ ಬದಲು ಎರಡು ಬೆರಳಗಲದ ಪಟ್ಟಿ ಹೊಲಿಸಿ, ಕಟ್ಟುವ ಜಾಗ ಆಗಾಗ ಬದಲಿಸಿ, ಮನೆಯಲ್ಲಿದ್ದಾಗ ಸಡಿಲ ಬಿಡಿ. ಮಾಯದ ಗಾಯ ಇದ್ದರೆ ಚರ್ಮದ ವೈದ್ಯರಿಗೆ ತೋರಿಸಿ.

ಹೈ ಹೀಲ್ಸ್ ಹೆಣ್ಣುಮಕ್ಕಳದು, ಪ್ಯಾಂಟು ಗಂಡಸರದು. ಇದಾದ್ರೂ ಖರೇನಾ?

ಎರಡೂ ಕುದುರೆಯ ಬೆನ್ನಿನಿಂದ ಇಳಿದು ಬಂದವು. ಎತ್ತರದ ಹಿಮ್ಮಡಿ ಪರ್ಷಿಯಾದ ಸವಾರರದು. ರಿಕಾಪಿನಲ್ಲಿ ಕಾಲಿಟ್ಟು ಎದ್ದು ನಿಂತು ಬಾಣ ಬಿಡುವಾಗ ಪಾದ ಜಾರದಂತೆ ಹಿಮ್ಮಡಿ ಕಚ್ಚಿ ಹಿಡಿಯುತ್ತದೆ. 1599ರಲ್ಲಿ ಷಾ ಅಬ್ಬಾಸ್ ಯುರೋಪಿಗೆ ರಾಯಭಾರಿಗಳನ್ನು ಕಳಿಸಿದ ಮೇಲೆ ಅಲ್ಲಿಯ ಗಂಡಸರಿಗೆ ಇದರ ಹುಚ್ಚು ಹತ್ತಿತು. ಫ್ರಾನ್ಸಿನ ದೊರೆ 14ನೇ ಲೂಯಿ ಕೆಂಪು ಹಿಮ್ಮಡಿ ಹಾಕಿಕೊಂಡು ಚಿತ್ರ ಬರೆಸಿಕೊಂಡ. ಹೆಂಗಸರು ಗಂಡಸರನ್ನು ನೋಡಿ ತೊಟ್ಟರು. 18ನೇ ಶತಮಾನದ ನಡುವಿಗೆ ಗಂಡಸರು ಬಿಟ್ಟರು, ಹೆಂಗಸರ ಪಾದಕ್ಕೆ ಉಳಿಯಿತು. ನೆಲದ ಮೇಲೆ ನಡೆಯಲಿಕ್ಕೆ ಅದು ಆಗಲೂ ಯೋಗ್ಯವಿರಲಿಲ್ಲ.

ಪ್ಯಾಂಟೂ ಸವಾರಿಯ ಬಟ್ಟೆಯೇ. ಸಿಕ್ಕಿರುವ ಅತಿ ಹಳೆಯ ಚಲ್ಲಣ ಮಧ್ಯ ಏಷ್ಯಾದ ತುರ್ಫಾನ್ ಬಳಿಯ ಗೋರಿಗಳದು, ಸುಮಾರು 3000 ವರ್ಷ ಹಳೆಯದು. ರೋಮನ್ನರು ಅದನ್ನು ಕಾಡುಜನರ ಉಡುಪೆಂದು ಹೀಗಳೆದರು. ಪ್ಯಾರಿಸ್‌ನಲ್ಲಿ 1800ರಲ್ಲಿ ಪರವಾನಗಿ ಇಲ್ಲದೆ ಹೆಂಗಸರು ಗಂಡಸರ ಉಡುಪು ತೊಡಬಾರದೆಂದು ಆದೇಶ ಹೊರಡಿಸಿದರು; ಅದಕ್ಕೆ ಬೆಲೆಯಿಲ್ಲವೆಂದು ಸರ್ಕಾರ ಅಧಿಕೃತವಾಗಿ ಹೇಳಿದ್ದು 2013ರಲ್ಲಿ. ನಮ್ಮ ಬಹಮನಿ ಕಾಲದಲ್ಲೂ ಕುದುರೆ ಪರ್ಷಿಯಾ, ಅರಬ್ ಕಡೆಯಿಂದ ಹಡಗಿನಲ್ಲಿ ಬರುತ್ತಿತ್ತು. ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಸುಮಾರು 1470ರಲ್ಲಿ ಒಂದು ಕುದುರೆ ತಂದು ಬೀದರ್‌ನಲ್ಲಿ ಮಾರಿ ಹೋದ. ಪಾಯಜಾಮಾ ಎಂಬ ಫಾರಸಿ ಪದದ ಅರ್ಥ ಕಾಲಿನ ಬಟ್ಟೆ. ರುಮಾಲು ಅಂದರೆ ಮುಖ ಒರೆಸುವುದು. ನಮ್ಮಲ್ಲಿ ಅದು ತಲೆಗೇರಿ ಮರ್ಯಾದೆಯ ಗುರುತಾಯಿತು.

ಎಳ್ಳ ಅಮಾಸಿಗೆ ಹೊಲದಾಗ ಉಣ್ಣೋ ಊಟನಾದ್ರೂ ನಮ್ಮದೇ ಅಲ್ಲೇನು?

ನಮ್ಮದೇ. ಆದರೆ ಬುತ್ತಿಯಲ್ಲಿರುವ ಕಾಳುಗಳಲ್ಲಿ ಅರ್ಧಕ್ಕಿಂತ ಹೆಚ್ಚು ದೂರದಿಂದ ನಡೆದು ಬಂದವು. ಜೋಳ ಆಫ್ರಿಕಾದ ಸೂಡಾನ್ ಸೀಮೆಯದು, ಸುಮಾರು 4000 ವರ್ಷ ಹಿಂದೆ ಬಂತು. ಸಜ್ಜಿ ಪಶ್ಚಿಮ ಆಫ್ರಿಕಾದ್ದು. ಗುರೆಳ್ಳು ಇಥಿಯೋಪಿಯಾದ್ದು. ಶೇಂಗಾ, ಮೆಣಸಿನಕಾಯಿ, ಟೊಮ್ಯಾಟೊ, ಬಟಾಟೆ ಅಮೆರಿಕ ಖಂಡದವು. 1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಗೆ ಬಂದ ನಂತರವೇ ಇಲ್ಲಿಗೆ ದಾರಿ ಆದದ್ದು. ಬಸವಣ್ಣನ ಕಾಲದ ಕಲ್ಯಾಣದಲ್ಲಿ ಶೇಂಗಾ ಹಿಂಡಿ ಇರಲಿಲ್ಲ, ಕೆಂಪು ಖಾರವೂ ಇರಲಿಲ್ಲ. ಖಾರಕ್ಕೆ ಕರಿ ಮೆಣಸು, ಹಿಪ್ಪಲಿ. ಹೊಸ ಕಾಯಿ ಬಂದಾಗ ಹಳೆಯ ಹೆಸರನ್ನೇ ಹಚ್ಚಿದ್ದಕ್ಕೆ ಸಾಕ್ಷಿ ಮೆಣಸಿನ-ಕಾಯಿ ಎಂಬ ಪದವೇ. ತೊಗರಿ, ಎಳ್ಳು, ಬದನೆಕಾಯಿ ಮಾತ್ರ ಈ ನೆಲದ ಕಡೆಯವು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ.

ರೊಟ್ಟಿಯನ್ನು ಲಟ್ಟಿಸದೆ ಬಡಿಯುವುದಕ್ಕೂ ಕಾರಣ ಕಾಳಿನಲ್ಲೇ ಇದೆ. ಜೋಳದಲ್ಲಿ ಗೋಧಿಯ ಅಂಟು ಇಲ್ಲ. ಕುದಿಯುವ ಎಸರು ಹಾಕಿದಾಗ ಹಿಟ್ಟಿನ ಪಿಷ್ಟ ಅರೆಬೆಂದು ಜಿಗುಟು ಬರುತ್ತದೆ, ಆ ಜಿಗುಟಿನ ಮೇಲೆಯೇ ರೊಟ್ಟಿ ನಿಲ್ಲಬೇಕು. ಎಸರು ಆರಿದ್ದರೆ ಅಥವಾ ಹಿಟ್ಟು ಹಳತಾಗಿದ್ದರೆ ಅಂಚು ಸೀಳುತ್ತದೆ. ಅದಕ್ಕೆ ಬಡಿಯುವ ಕೈ ಗಂಡೋ ಹೆಣ್ಣೋ ಎಂಬುದು ಸಂಬಂಧವಿಲ್ಲ.

ಎಲಿ ಅಡಿಕಿ ತಂಬಾಕ ಮೂರೂ ಒಂದೇ ಕಾಲದವಲ್ಲ?

ವೀಳ್ಯ ಬಹಳ ಹಳೆಯದು, ತಂಬಾಕು ಹೊಸದು. ಅಕ್ಬರನ ರಾಯಭಾರಿ ಅಸದ್ ಬೇಗ್ 1604ರ ಸುಮಾರಿಗೆ ಬಿಜಾಪುರದಿಂದ ತಂಬಾಕು ಒಯ್ದು ದೊರೆಗೆ ತೋರಿಸಿದ. ಅಂದರೆ ದಖನ್‌ನಲ್ಲಿ ಅದು ಆಗಷ್ಟೇ ಬೇರೂರುತ್ತಿತ್ತು. ಬೀದರ್‌ನ ಬಿದ್ರಿ ಕೆಲಸಗಾರರು ತಕ್ಷಣ ಹೊಸ ಗಿರಾಕಿಗೆ ಹೊಂದಿಕೊಂಡು ಹುಕ್ಕಾದ ಬುಡ ಮಾಡತೊಡಗಿದರು.

ಹೆಣ್ಣುಮಕ್ಕಳಿಗೆ ಆಸ್ತಿಯಾಗ ಪಾಲಿಲ್ಲ ಅಂತ ಶಾಸ್ತ್ರನೇ ಹೇಳ್ತದಂತ. ಯಾವ ಶಾಸ್ತ್ರ?

ಬಹುತೇಕ ಭಾರತದಲ್ಲಿ ಆ ಮಾತಿಗೆ ಆಧಾರವಾಗಿ ತೋರಿಸುತ್ತಿದ್ದ ಗ್ರಂಥ ಮಿತಾಕ್ಷರ. ಬರೆದವನು ವಿಜ್ಞಾನೇಶ್ವರ, ಬರೆದದ್ದು ಇಂದಿನ ಬಸವಕಲ್ಯಾಣದಲ್ಲಿ, 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ. ಕಲಬುರಗಿ ಜಿಲ್ಲೆಯ ಮರತೂರಿನವನೆಂದು ಅವನನ್ನು ಗುರುತಿಸುತ್ತಾರೆ. ಕಲ್ಯಾಣದಂಥ ಊರು ಭೂಮಿಯ ಮೇಲೆ ಹಿಂದೆ ಇರಲಿಲ್ಲ, ಈಗ ಇಲ್ಲ, ಮುಂದೆ ಇರುವುದಿಲ್ಲ ಎಂದು ಗ್ರಂಥದ ಕೊನೆಗೆ ಊರನ್ನು ಹೊಗಳಿದ್ದಾನೆ. ಬಂಗಾಳ, ಅಸ್ಸಾಂ ಬಿಟ್ಟು ಬಹುಪಾಲು ದೇಶದ ಹಿಂದೂ ಕುಟುಂಬಗಳ ವಾಟ್ನಿ ನಡೆದದ್ದು ಈ ಗ್ರಂಥದ ಮೇಲೆ.

ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದು ಅವನು ಹೇಳಿದ್ದು ಹೌದು. ಮಗಳಿಗೆ ಅದೇ ಹಕ್ಕು ಕೊಡಲಿಲ್ಲ. ಆದರೆ "ಏನೂ ಇಲ್ಲ" ಎಂದು ಅವನು ಎಲ್ಲೂ ಹೇಳಿಲ್ಲ. ಮದುವೆಯಾಗದ ತಂಗಿಗೆ ಮದುವೆ ಖರ್ಚು ಕೊಟ್ಟರೆ ಸಾಕು ಎಂಬ ಅಭಿಪ್ರಾಯವನ್ನು ತಳ್ಳಿಹಾಕಿ, ಅವಳಿಗೆ ನಿಜವಾದ ಪಾಲು ಬರಬೇಕೆಂದ. ಅವನ ಲೆಕ್ಕವನ್ನೇ 24 ಎಕರೆಗೆ ಹಾಕಿ ನೋಡಿ. ಒಬ್ಬ ಮಗ, ಒಬ್ಬ ಮಗಳು. ಮೊದಲು ಎರಡು ಪಾಲು: 12, 12. ಅದರಲ್ಲೊಂದನ್ನು ನಾಲ್ಕು ಮಾಡಿ ಒಂದು ಪಾಲು, ಅಂದರೆ 3 ಎಕರೆ, ಮಗಳಿಗೆ. ಉಳಿದ 21 ಮಗನಿಗೆ. ಕಡಿಮೆಯೇ, ಆದರೂ 12ನೇ ಶತಮಾನದ ಹೊತ್ತಿಗೆ ಆ 3 ಎಕರೆ ಕಾಗದದ ಮೇಲಿತ್ತು. 20ನೇ ಶತಮಾನದ ಎಷ್ಟೋ ಮನೆಗಳಲ್ಲಿ ಅದೂ ಇರಲಿಲ್ಲ. ಗಂಡು ಮಕ್ಕಳಿಲ್ಲದೆ ಸತ್ತ, ಅಣ್ಣತಮ್ಮಂದಿರಿಂದ ಬೇರೆಯಾಗಿದ್ದ ಗಂಡನ ಆಸ್ತಿ ಮೊದಲು ಹೆಂಡತಿಗೆ ಎಂದ. ಸ್ತ್ರೀಧನ ಅಂದರೆ ತವರಿನ ಒಡವೆ ಮಾತ್ರವಲ್ಲ. ವಾರಸಿನಿಂದ, ಖರೀದಿಯಿಂದ, ಪಾಲಿನಿಂದ ಬಂದದ್ದೂ ಸ್ತ್ರೀಧನವೇ ಎಂದ.

1810ರಲ್ಲಿ ಇಂಗ್ಲಿಷ್ ಅಧಿಕಾರಿ ಕೋಲ್‌ಬ್ರೂಕ್ ಮಿತಾಕ್ಷರದ ಆಸ್ತಿ ಪಾಲಿನ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷ್ ಕೋರ್ಟುಗಳು ಅದನ್ನು ಹಿಡಿದು ತೀರ್ಪು ಕೊಟ್ಟವು. ಆಗಿನ ಕೊನೆಯ ಮೇಲ್ಮನವಿ ಕೋರ್ಟಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ಸ್ತ್ರೀಧನದ ಈ ವಿಶಾಲ ಅರ್ಥವನ್ನು ಒಪ್ಪಲಿಲ್ಲ. ವಾರಸಿನಿಂದ ಬಂದ ಆಸ್ತಿಯಲ್ಲಿ ಹೆಣ್ಣಿಗೆ ಜೀವಮಾನದವರೆಗಿನ ಸೀಮಿತ ಹಕ್ಕು ಮಾತ್ರ ಎಂದು ಕತ್ತರಿ ಹಾಕಿತು. "ಶಾಸ್ತ್ರ ಕೊಡಲಿಲ್ಲ" ಎಂದು ನಾವು ಅನ್ನುವುದರಲ್ಲಿ ಒಂದು ಪಾಲು ಲಂಡನ್ನಿನದು.

ಈಗ ಕಾನೂನು ಏನು? ಹೊಲದಾಗ ಹೆಸರು ಹಚ್ಚಿಸಬೇಕಂದ್ರ ಏನು ಮಾಡಬೇಕು?

ಕರ್ನಾಟಕ 1994ರ ಜುಲೈ 30ರಿಂದ ಮಗಳಿಗೂ ಹುಟ್ಟಿನಿಂದ ಸಮಪಾಲು ಕೊಟ್ಟಿತು, ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಆ ಬೇಲಿಯನ್ನೂ ತೆಗೆಯಿತು. ಆ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ತೀರ್ಪಿತ್ತಿತು. ಮೇಲಿನ 24 ಎಕರೆ, ತಾಯಿ-ತಂದೆ ಇಬ್ಬರೂ ಇಲ್ಲ ಎಂದಿಟ್ಟುಕೊಂಡರೆ, ಈಗ 12-12. ಈ ಕಾನೂನು ಲಿಂಗಾಯತ, ಜೈನ, ಬೌದ್ಧ, ಸಿಖ್ಖರಿಗೂ ಅನ್ವಯ. ಪರಿಶಿಷ್ಟ ಪಂಗಡಗಳಿಗೆ ಕೇಂದ್ರದ ಅಧಿಸೂಚನೆ ಇಲ್ಲದೆ ಅನ್ವಯಿಸದು. ಆ ಸಮುದಾಯದವರು ವಕೀಲರನ್ನು ಕೇಳಿಯೇ ಮುಂದುವರಿಯಬೇಕು.

ಮೊದಲು ಪಹಣಿ ಮತ್ತು ಹಳೆಯ ಮುಟೇಷನ್ ಪ್ರತಿ ತೆಗೆಸಿ, ಆಸ್ತಿ ಅಜ್ಜನಿಂದ ಬಂತೋ ಅಪ್ಪ ಕೊಂಡದ್ದೋ ನೋಡಿ. ನಾಡಕಚೇರಿಯಿಂದ ವಂಶಾವಳಿ ಪಡೆಯುವಾಗ ಹೆಣ್ಣುಮಕ್ಕಳ ಹೆಸರು ಬಿಟ್ಟಿದ್ದಾರೆಯೇ ಎಂದು ಓದಿ ನೋಡಿ. ಹೆಚ್ಚಿನ ಅನ್ಯಾಯ ಇಲ್ಲೇ ಶುರುವಾಗುತ್ತದೆ. ಆಮೇಲೆ ಫೌತಿ ಖಾತೆಗೆ, ಅಂದರೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಮಾಡಿಸಲು, ಅರ್ಜಿ. ಪಹಣಿಯಲ್ಲಿ ಅಣ್ಣನ ಹೆಸರೊಂದೇ ಇದ್ದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ, ಯಾಕೆಂದರೆ ಖಾತೆ ಬದಲಾವಣೆಯೇ ಮಾಲೀಕತ್ವ ಅಲ್ಲ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ಅಥವಾ ಕೋರ್ಟಿನಿಂದ ಆದ ವಾಟ್ನಿಯನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ. ಬಾಯಿಮಾತಿನ ವಾಟ್ನಿ ಆಗಿತ್ತು ಎನ್ನುವವರ ಮಾತನ್ನು ಸರ್ಕಾರಿ ದಾಖಲೆಗಳ ಬೆಂಬಲವಿಲ್ಲದೆ ಕೋರ್ಟು ಒಪ್ಪುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಹಕ್ಕು ಬಿಡುಗಡೆ ಪತ್ರದಲ್ಲಿ. ಪಂಚಮಿಗೆ ತವರಿಗೆ ಬಂದ ಮಗಳಿಗೆ ಸೀರೆ ಕೊಟ್ಟು, "ಬರೀ ಸಹಿ, ಬ್ಯಾಂಕಿನ ಸಾಲಕ್ಕ" ಎಂದು ಹಾಕಿಸುತ್ತಾರೆ. ನೋಂದಣಿಯಾದ ಮೇಲೆ ಅದನ್ನು ರದ್ದು ಮಾಡಿಸಲು ಮೋಸ ಅಥವಾ ಬಲವಂತವನ್ನು ಸಿವಿಲ್ ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಉಪನೋಂದಣಿ ಕಚೇರಿಗೆ ಕರೆದರೆ ಪತ್ರದ ತಲೆಬರಹ ಓದದೆ ಹೆಬ್ಬೆರಳು ಒತ್ತಬೇಡಿ.

ವರದಕ್ಷಿಣಿ ಎಲ್ಲಾ ಕುಲದಾಗೂ ಹಿಂದಿನಿಂದ ಇತ್ತಾ?

ಇರಲಿಲ್ಲ. ಒಕ್ಕಲುತನ, ಕೂಲಿ, ಕುರಿಗಾರಿಕೆಯ ಎಷ್ಟೋ ಸಮುದಾಯಗಳಲ್ಲಿ ಗಂಡಿನ ಕಡೆಯವರೇ ಹೆಣ್ಣಿನ ಮನೆಗೆ "ತೆರ" ಕೊಡುತ್ತಿದ್ದರು. ದುಡಿಯುವ ಎರಡು ಕೈ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವುದಕ್ಕೆ ಕೊಡುವ ಪರಿಹಾರ ಅದು ಎಂಬುದು ಮಾನವಶಾಸ್ತ್ರಜ್ಞರು ಹೇಳುವ ಕಾರಣ. ಇವೇ ಸಮುದಾಯಗಳಲ್ಲಿ ಗಂಡ ಸತ್ತವಳು "ಉಡಿಕಿ"ಯಾಗಿ ಮತ್ತೆ ಸಂಸಾರ ಹೂಡುತ್ತಿದ್ದಳು. ತಲೆ ಬೋಳಿಸಿ ಮೂಲೆಗೆ ಕೂರಿಸುವುದು ಕೆಲವೇ ಮೇಲ್ಜಾತಿಗಳ ಕಟ್ಟಳೆ. ಕೆಳಗಿನವರು ಮೇಲೇರಬೇಕೆಂದಾಗ ಮೇಲಿನವರ ವರದಕ್ಷಿಣೆಯನ್ನೂ ಕಟ್ಟಿಕೊಂಡರು, ಉಡಿಕಿಯನ್ನೂ ಬಿಟ್ಟರು.

1961ರ ಕಾಯ್ದೆಯಡಿ ಕೊಡುವುದು, ತೆಗೆದುಕೊಳ್ಳುವುದು ಎರಡೂ ಅಪರಾಧ. ಕನಿಷ್ಠ ಶಿಕ್ಷೆ 5 ವರ್ಷ. ತಾವಾಗಿ ಕೊಟ್ಟ ಉಡುಗೊರೆಗಳ ಪಟ್ಟಿ ಬರೆಯಬೇಕೆಂದು 1985ರ ನಿಯಮ ಹೇಳುತ್ತದೆ: ವಸ್ತು, ಅಂದಾಜು ಬೆಲೆ, ಕೊಟ್ಟವರ ಹೆಸರು, ಸಂಬಂಧ, ಕೆಳಗೆ ಮದುಮಕ್ಕಳ ಸಹಿ. ಮದುವೆ ಮನೆಯಲ್ಲಿ ಆಯೇರಿ ಬರೆಯುವ ವಹಿಯ ಪಕ್ಕದಲ್ಲೇ ಇದನ್ನೂ ಬರೆದಿಡಿ. ಮುಂದೆ ಜಗಳವಾದರೆ ಹುಡುಗಿಯ ಕೈಹಿಡಿಯುವುದು ಈ ಒಂದು ಹಾಳೆ.

ನಿಶ್ಚಯಕ್ಕ ವಜ್ರದ ಉಂಗುರ ಬೇಕೇ ಬೇಕು ಅಂತಾರಲ್ಲ?

ವಜ್ರ ಮಾರುವ ಡಿ ಬೀರ್ಸ್ ಕಂಪನಿ 1947ರಲ್ಲಿ, ವಜ್ರ ಎಂದೆಂದಿಗೂ ಎಂಬ ಘೋಷಣೆ ಬರೆಸಿತು. ಅಲ್ಲಿಂದ ಹರಡಿದ ಆಸೆ ಅದು. ಗಂಡಸರೂ ಮದುವೆ ಉಂಗುರ ತೊಡುವುದು ಅಮೆರಿಕದಲ್ಲಿ ರೂಢಿಯಾದದ್ದು ಎರಡನೇ ಮಹಾಯುದ್ಧದ ಹೊತ್ತಿಗೆ. ನಮ್ಮಲ್ಲಿ ಕುಂಕುಮ ಹಚ್ಚಿ, ಉಡಿ ತುಂಬಿ, ಸಕ್ಕರೆ ಹಂಚಿದರೆ ಮಾತು ಮುಗಿಯುತ್ತಿತ್ತು.

ಮದುವಿ ಆದಮ್ಯಾಲ ಗಂಡನ ಅಡ್ಡಹೆಸರು ಹಚ್ಚಿಕೊಳ್ಳಲೇಬೇಕಾ?

ಭಾರತದ ಯಾವ ಕಾನೂನೂ ಹೇಳುವುದಿಲ್ಲ. ಮದುವೆಯೊಂದಿಗೆ ಹೆಂಡತಿಯ ಕಾನೂನು ಅಸ್ತಿತ್ವ ಗಂಡನಲ್ಲಿ ಕರಗಿಹೋಗುತ್ತದೆ ಎಂಬ ಹಳೆಯ ಇಂಗ್ಲಿಷ್ ತತ್ವದ ಜೊತೆ ಬೆಳೆದ ರೂಢಿ ಇದು. ಪಾಟೀಲ, ಕುಲಕರ್ಣಿ, ದೇಶಮುಖ ಮೊದಲಿಗೆ ಹುದ್ದೆಯ ಹೆಸರುಗಳು, ಮನೆತನದ ಹೆಸರಾದದ್ದು ಆಮೇಲೆ. ಬದಲಿಸಲೇಬೇಕೆಂದಿದ್ದರೆ ಅಫಿಡವಿಟ್, ಪತ್ರಿಕೆಯಲ್ಲಿ ಪ್ರಕಟಣೆ, ರಾಜ್ಯಪತ್ರ ಈ ಕ್ರಮದಲ್ಲಿ ಮಾಡಿ, ಅಂಕಪಟ್ಟಿಯ ಹೆಸರಿಗೂ ಆಧಾರ್‌ಗೂ ಹೊಂದಾಣಿಕೆ ಇರಲಿ. ಅಕ್ಷರವೊಂದು ಬೇರೆಯಾದರೂ ಪಿಂಚಣಿ, ಬ್ಯಾಂಕು ಎಲ್ಲ ಕಡೆ ನಿಲ್ಲಿಸುತ್ತಾರೆ.

ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದು ಎಂಬ ಕಟ್ಟಳೆಗೆ ನಮ್ಮ ಹೆಂಗಸರು ಕೊಟ್ಟ ಉತ್ತರ ಒಡಪು. ಹೇಳಬಾರದ ಹೆಸರನ್ನು ಪ್ರಾಸದೊಳಗೆ ಕಟ್ಟಿ, ಹತ್ತು ಜನರ ನಡುವೆ ಗಟ್ಟಿಯಾಗಿ ಹೇಳಿಬಿಡುವ ಈ ಕಲೆಯನ್ನು ಬರೆದಿಟ್ಟುಕೊಳ್ಳದೆ ಕಳೆದುಕೊಳ್ಳುತ್ತಿದ್ದೇವೆ.

ಪ್ರತಿ ಪದ್ಧತಿ ಹಿಂದೂ ವೈಜ್ಞಾನಿಕ ಕಾರಣ ಇದೆ ಅಂತ ವಾಟ್ಸಾಪ್‌ನಾಗ ಬರ್ತದ. ನಂಬಬೇಕಾ?

ಮೂಗುಬೊಟ್ಟಿನಿಂದ ಹೆರಿಗೆ ಸಲೀಸು, ಬಳೆಯಿಂದ ರಕ್ತ ಸಂಚಾರ ಎಂಬಂಥ ಸಂದೇಶಗಳಿಗೆ ಪುರಾವೆ ಇಲ್ಲ. ಒಂದು ಪ್ರಶ್ನೆ ಹಾಕಿ ನೋಡಿ: ಲಾಭ ನಿಜವಿದ್ದರೆ ಅದನ್ನು ಹೆಂಗಸರಿಗೆ ಮಾತ್ರ ಯಾಕೆ ಕಡ್ಡಾಯ ಮಾಡಿದರು, ಗಂಡ ಸತ್ತ ಕೂಡಲೇ ಯಾಕೆ ಕಿತ್ತುಕೊಂಡರು? ಒಡವೆ ಚೆಂದ, ಅದಕ್ಕೆ ತೊಡುತ್ತೇವೆ ಎಂದರೆ ಸಾಕು.

ನಮ್ಮ ಮನೆಯ ಪದ್ಧತಿಯ ವಯಸ್ಸು ನಾವೇ ಕಂಡುಹಿಡಿಯೋದು ಹೆಂಗ?

ಪದ್ಧತಿಯಲ್ಲಿ ಬಳಸುವ ವಸ್ತುವಿನಿಂದ ಶುರು ಮಾಡಿ. ಶೇಂಗಾ, ಚಹಾ, ಬಟಾಟೆ, ತಂಬಾಕು ಇದ್ದರೆ ಈಗಿನ ರೂಪ 500 ವರ್ಷಕ್ಕಿಂತ ಹಳೆಯದಲ್ಲ. ಆಮೇಲೆ ಪದ ನೋಡಿ: ಕುರ್ಚಿ ಅರಬ್ಬಿ, ಮೇಜು ಫಾರಸಿ, ಚಾವಿ ಮತ್ತು ಅಲಮಾರಿ ಪೋರ್ಚುಗೀಸ್. ಪದ ಎಲ್ಲಿಂದ ಬಂತೋ ವಸ್ತುವೂ ಹೆಚ್ಚಾಗಿ ಆ ಕಡೆಯಿಂದಲೇ ಬಂದಿರುತ್ತದೆ, ಯಾವಾಗಲೂ ಅಲ್ಲ. ಮೂರನೆಯದು ಶಿಲ್ಪ: ಊರ ಗುಡಿ, ವೀರಗಲ್ಲು, ಸನ್ನತಿ ಬಳಿಯ ಕನಗನಹಳ್ಳಿ ಸ್ತೂಪದ ಫಲಕಗಳು.

ಕೊನೆಗೆ ಮನೆಯ ಆಯಿ. "ಇದು ಯಾವಾಗಿನಿಂದ?" ಎಂದು ಕೇಳಬೇಡಿ, "ಮೊದಲಿನಿಂದ" ಎಂದುಬಿಡುತ್ತಾರೆ. "ನಿಮ್ಮ ಮದುವಿಯಾಗ ಏನೇನು ಮಾಡಿದ್ರು, ನಿಮ್ಮ ಅತ್ತಿ ತಮ್ಮ ಮದುವಿ ಬಗ್ಗೆ ಏನು ಹೇಳ್ತಿದ್ರು" ಎಂದು ಕೇಳಿ. ಒಬ್ಬರನ್ನೇ ಅಲ್ಲ, ಬೇರೆ ಓಣಿಯ, ಬೇರೆ ಜಾತಿಯ ಇನ್ನಿಬ್ಬರನ್ನೂ ಕೇಳಿ. ಅವರು ಮಾತಾಡುವಾಗ ಮಗ, ಸೊಸೆ ಪಕ್ಕದಲ್ಲಿ ಇರದಿದ್ದರೆ ಒಳ್ಳೆಯದು. ತೆರ, ಉಡಿಕಿಯಂಥ ಮಾತುಗಳು ಅವರ ಮುಂದೆ ಹೊರಬರುವುದಿಲ್ಲ. ಫೋನಿನಲ್ಲಿ ಧ್ವನಿ ಹಿಡಿದಿಡಿ, ಹೇಳಿದವರ ವಯಸ್ಸು, ತವರೂರು, ದಿನಾಂಕ ಬರೆಯಿರಿ. ತವರೂರನ್ನು ಮರೆಯಬೇಡಿ: ಪದ್ಧತಿಗಳು ಒಂದೂರಿನಿಂದ ಇನ್ನೊಂದೂರಿಗೆ ಬಂದದ್ದು ಹೆಚ್ಚಾಗಿ ಸೊಸೆಯಂದಿರ ಜೊತೆಯಲ್ಲಿ.